ಕೇರಂ ಮಾವನ ನಾಲ್ಕು ಕುರ್ಚಿ
ಯುವಕೇಂದ್ರ ನೋಡಿಕೊಳ್ಳುವ ಮುದುಕನಿಗೆ ಹುಡುಗರು ಇಟ್ಟ ಹೆಸರು ಕೇರಂ ಮಾವ. ಸರ್ಕಾರದ ಅನುದಾನ ನಿಂತು ಹುಡುಗರೆಲ್ಲ ದಿಕ್ಕಾಪಾಲಾದರೂ ಮಾವ ಜಗ್ಗಿದವನಲ್ಲ. ಸಂಜೆಯಾದರೆ ಬಾಗಿಲು ತೆರೆದು, ಕೇರಂ ಬೋರ್ಡಿಗೆ ಪೌಡರ್ ಉದುರಿಸಿ, ಸುತ್ತ ನಾಲ್ಕು ಕುರ್ಚಿ ಎಳೆದಿಟ್ಟು, "ಲೇ, ಮೋಸದಾಟ ಆಡಿದ್ರೆ ಕಿವಿ ಹಿಂಡ್ತೀನಿ" ಎಂದು ಖಾಲಿ ಕುರ್ಚಿಗಳನ್ನೇ ಗದರುತ್ತಾನೆ. ಯಾವುದಾದರೂ ಕುರ್ಚಿ ಮುನಿಸಿಕೊಂಡರೆ ರಮಿಸುವುದೂ ಉಂಟು. ಇವತ್ತು ಕೇಂದ್ರಕ್ಕೆ ಬೀಗ ಜಡಿಯಲು ಬಂದ ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಯಾರಿಗೋಸ್ಕರ ಬಾಗ್ಲು ತೆಗೀತೀರಿ ಯಜಮಾನ್ರೇ? ಒಂದು ನರಪಿಳ್ಳೆನೂ ಇಲ್ವಲ್ಲ!" "ಮೆಲ್ಲಗೆ ಸಾರ್, ಬೀಗ ನೋಡಿ ಮೊದ್ಲೇ ಹೆದರ್ಕೊಂಡಿದಾರೆ" ಎಂದ ಮಾವ, ಎದುರಿನ ಕುರ್ಚಿಯತ್ತ ತಿರುಗಿ, "ಏಳೋ ಮಗಾ, ಸಾಹೇಬ್ರು ಕೂತ್ಕೊಳ್ಲಿ" ಎಂದ. ಅಧಿಕಾರಿ ನಗುನಗುತ್ತಲೇ ಕೂತರು. ಕುರ್ಚಿ ಬೆಚ್ಚಗಿತ್ತು. ಅವರು ಬೀಗವನ್ನು ಸದ್ದಾಗದ ಹಾಗೆ ಮತ್ತೆ ಚೀಲಕ್ಕಿಳಿಸಿದರು.