ಪುಢಾರಿಗೆ ನಾಲ್ಕು ನೋಬಾಲ್

ಕಳೆದ ಭಾನುವಾರ ಬೆಳಿಗ್ಗೆ, ಹೊಳಲ್ಕೆರೆಯ ಮೈದಾನದಲ್ಲಿ, ಭಾರತ ತಂಡಕ್ಕೆ ಆಡಿದ ಬ್ಯಾಟ್ಸ್‌ಮನ್ ಒಬ್ಬರನ್ನು ನಾನು ಔಟ್ ಮಾಡಿದೆ.

ಬಾಲ್ ಹಾಕಿದ್ದು ಬೇರೆಯವನು. ನನ್ನ ಕೈಯಲ್ಲಿ ಇದ್ದದ್ದು ಮೈಕು.

ನನ್ನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನನಗೆ ಬೌಲಿಂಗ್ ಬಾರದು, ಬ್ಯಾಟಿಂಗ್ ಬಾರದು. ಫೀಲ್ಡಿಂಗ್‌ಗೆ ನಿಂತರೆ ಬಾಲು ನನ್ನ ಕಾಲ ಸಂದಿಯಲ್ಲೇ ದಾರಿ ಮಾಡಿಕೊಂಡು ಬೌಂಡರಿಗೆ ಹೋಗುತ್ತದೆ. ಬರುವುದು ಒಂದೇ, ಇನ್ನೊಬ್ಬರ ದನಿ ತೆಗೆಯುವುದು. (ನನ್ನದೇ ದನಿ ಹೇಗಿದೆ ಎಂದು ಮನೆಯವರಿಗೂ ಮರೆತುಹೋಗಿದೆ.) ಆದ್ದರಿಂದ ತಾಲ್ಲೂಕಿನ ಯಾವ ಟೆನಿಸ್ ಬಾಲ್ ಟೂರ್ನಮೆಂಟ್ ಇರಲಿ, ಕಾಮೆಂಟರಿ ನನ್ನದೇ.

ನಮ್ಮ ಕಡೆ ಟೂರ್ನಮೆಂಟ್ ಉದ್ಘಾಟನೆ ಹೇಗೆ ನಡೆಯುತ್ತದೆ ಗೊತ್ತಲ್ಲ? ಮುಖ್ಯ ಅತಿಥಿ ಬ್ಯಾಟ್ ಹಿಡಿದು ಒಂದು ಬಾಲ್ ಹೊಡೆಯಬೇಕು. ತಾಗದಿದ್ದರೆ ಮೈಕಿನವನು ‘ನೋಬಾಲ್’ ಎಂದು ಕೂಗಬೇಕು. ಅಂಪೈರ್ ಅಲ್ಲ, ಮೈಕಿನವನು. ತಾಗುವವರೆಗೂ ಕೂಗುತ್ತಲೇ ಇರಬೇಕು. ಅತಿಥಿ ಔಟಾಗುವಂತಿಲ್ಲ. ಇದು ನಮ್ಮ ಕ್ರಿಕೆಟ್ಟಿನ ಸಂವಿಧಾನ.

ಅವತ್ತು ಅತಿಥಿಗಳು ಇಬ್ಬರು. ಮೊದಲು ಬಂದವರು ಒಬ್ಬ ಪುಢಾರಿ. ಇಸ್ತ್ರಿ ಮುರಿಯದ ಬಿಳಿ ಅಂಗಿ. ಬ್ಯಾಟನ್ನು ಛತ್ರಿ ಹಿಡಿದ ಹಾಗೆ ಹಿಡಿದರು. ನಮ್ಮ ಬೌಲರ್ ಸೀನ ನಿಂತಲ್ಲೇ ನಿಂತು, ಕೆಳಗಿನಿಂದ, ಮಗುವಿಗೆ ಎಸೆದಂತೆ ಎಸೆದ. ತಾಗಲಿಲ್ಲ. ‘ನೋಬಾಲ್!’ ಎಂದೆ. ಎರಡನೆಯದು ನಡು ವಿಕೆಟ್ಟನ್ನೇ ಎತ್ತಿತು. ‘ನೋಬಾಲ್! ಬೌಲರ್ ಕಾಲು ಗೆರೆ ದಾಟೈತೆ!’ ಎಂದೆ. (ಸೀನನ ಕಾಲು ಗೆರೆಯಿಂದ ಎರಡು ಮಾರು ಹಿಂದಿತ್ತು.) ಮೂರನೆಯದೂ ನೋಬಾಲ್, ನಾಲ್ಕನೆಯದೂ ನೋಬಾಲ್. ಐದನೆಯ ಬಾಲು ಪಾಪ, ತಾನೇ ಹೋಗಿ ಬ್ಯಾಟಿಗೆ ತಾಗಿ ಅಲ್ಲೇ ಬಿತ್ತು. ‘ಸಿಕ್ಸರ್!’ ಎಂದು ಕೂಗಿದೆ. ಆ ಮನುಷ್ಯ ನಂಬಿಯೇಬಿಟ್ಟರು. ಎರಡೂ ಕೈ ಎತ್ತಿ ಜನರಿಗೆ ನಮಸ್ಕಾರ ಮಾಡಿದರು.

ಎರಡನೆಯ ಅತಿಥಿ ಹಿರಿಯೂರು ಹತ್ತಿರದ ಬಬ್ಬೂರಿನ ಓಂಕಾರಣ್ಣ. ಜಿಲ್ಲೆಯಲ್ಲಿ ಅವರ ಹೆಸರು ಗೊತ್ತಿಲ್ಲದವರಿಲ್ಲ. ರಾಜ್ಯ ತಂಡಕ್ಕೆ ವರ್ಷಗಟ್ಟಲೆ ರನ್ ಸುರಿದವರು. ಭಾರತಕ್ಕೆ ಆರೇ ಒಂದು ದಿನದ ಪಂದ್ಯ ಆಡಿದವರು. ಅತಿ ಹೆಚ್ಚು ಸ್ಕೋರು ಇಪ್ಪತ್ತಮೂರು. ‘ಪ್ರತಿಭೆ ಇತ್ತು, ಆದರೆ ಸಾಮರ್ಥ್ಯಕ್ಕೆ ತಕ್ಕಂತೆ ಆಡಲಿಲ್ಲ’ ಎನ್ನುವ ಮಾತು ಅವರ ಹೆಸರಿಗೆ ಇನಿಷಿಯಲ್ ಥರ ಅಂಟಿಕೊಂಡಿದೆ. ಅಂಟಿಸಿದವರಲ್ಲಿ ನಾನೂ ಒಬ್ಬ. ‘ಇಪ್ಪತ್ತ್ಮೂರು’ ಅಂತ ನನ್ನದೊಂದು ಐಟಂ ಇದೆ. ಓಂಕಾರಣ್ಣ ಡ್ರೈವ್‌ಗೆ ಹೋಗಿ ಸ್ಲಿಪ್‌ನಲ್ಲಿ ಕ್ಯಾಚ್ ಕೊಟ್ಟದ್ದು, ಕಾಮೆಂಟೇಟರನ ಇಂಗ್ಲಿಷು, ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಪೆವಿಲಿಯನ್ನಿಗೆ ನಡೆದದ್ದು. ರಿಸೆಪ್ಷನ್‌ಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಅದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ.

ಅವತ್ತು ಅವರು ಬಂದದ್ದು ಹಾರ ಹಾಕಿಸಿಕೊಳ್ಳಲು ಅಲ್ಲ. ಈ ಮೈದಾನದಲ್ಲಿ ದಿನಾ ಬೆಳಿಗ್ಗೆ ಎರಡು ಗಂಟೆ ಮಕ್ಕಳಿಗೆ ಪುಕ್ಕಟೆ ಕ್ರಿಕೆಟ್ ಹೇಳಿಕೊಡಬೇಕು ಅಂತ ಅವರ ಆಸೆ. ನೆಟ್ ಅವರದ್ದೇ, ಬಾಲ್ ಅವರದ್ದೇ. ಬೇಕಾಗಿದ್ದದ್ದು ಬರೀ ಜಾಗ. ಅದನ್ನು ಕೊಡಬೇಕಾದವರು ಮೈದಾನ ಕಮಿಟಿಯ ಅಧ್ಯಕ್ಷರು, ಅಡಿಕೆ ಮಂಡಿ ರುದ್ರಪ್ಪನವರು. ‘ಟೂರ್ನಮೆಂಟಿಗೆ ಬರ್ರಿ, ಎಲ್ಲರ ಎದುರಿಗೇ ಅನೌನ್ಸ್ ಮಾಡ್ತೀನಿ’ ಎಂದಿದ್ದರು.

ಕಂಬಳಿ ಹೊದಿಸಿ ಸನ್ಮಾನ ಆಯಿತು. ಓಂಕಾರಣ್ಣ ಕಂಬಳಿ ಮಡಚಿ ಕುರ್ಚಿಯ ಮೇಲಿಟ್ಟು ಬ್ಯಾಟ್ ತೆಗೆದುಕೊಂಡರು. ಇನ್ನೂ ಸ್ಟಂಪಿನ ನೇರಕ್ಕೆ ಬ್ಯಾಟಿಟ್ಟು ಗಾರ್ಡ್ ತಗೊಳ್ಳುತ್ತಿದ್ದರು. ಪುಢಾರಿಗೆ ನಿಂತಲ್ಲಿಂದ ಎಸೆದ ಸೀನ ಈಗ ಹದಿನೈದು ಹೆಜ್ಜೆ ಹಿಂದಕ್ಕೆ ಹೋಗಿ ಓಡಿಬಂದ! ಅವನಿಗೆ ಹೇಳಿಕೊಳ್ಳಲು ಒಂದು ವಿಕೆಟ್ ಬೇಕಿತ್ತು. ಬಿರುಕು ಬಿಟ್ಟ ಪಿಚ್ಚು, ಬೋಳು ಬಾಲು. ಅದು ನೆಲಕ್ಕಂಟಿಕೊಂಡು ಬಂದು ಸ್ಟಂಪ್ ಹಾರಿಸಿತು.

ಎಲ್ಲರೂ ನನ್ನ ಕಡೆ ನೋಡಿದರು. ಕೂಗಬೇಕಾಗಿದ್ದದ್ದು ಒಂದು ಪದ.

ನಾನು ಕೂಗಿದ್ದು, ‘ಇಪ್ಪತ್ತ್ಮೂರೂ!’

ಜನ ಬಿದ್ದು ಬಿದ್ದು ನಕ್ಕರು. ನನಗೆ ಅಷ್ಟು ಸಾಕಲ್ಲ? ಮೈಕ್ ಹಿಡಿದುಕೊಂಡೇ, ಓಂಕಾರಣ್ಣನ ಮುಂದೆಯೇ, ಆ ನಡಿಗೆಯನ್ನೂ ನಡೆದು ತೋರಿಸಿದೆ. ನಗು ಇನ್ನೂ ನಿಂತಿರಲಿಲ್ಲ, ರುದ್ರಪ್ಪನವರು ನನ್ನ ಕೈಯಿಂದ ಮೈಕ್ ಕಿತ್ತುಕೊಂಡು, ‘ನಮ್ ಸೀನನ ಬಾಲೇ ಕಾಣ್ಲಿಲ್ಲ, ಇನ್ ಹುಡುಗ್ರಿಗೆ ಏನ್ ತೋರಿಸ್ತಾರಪ್ಪ? ಆ ಮೈದಾನದ ವಿಚಾರ ಮುಂದೆ ನೋಡಾಣ’ ಎಂದುಬಿಟ್ಟರು. ಅದಕ್ಕೂ ಜನ ನಕ್ಕರು.

ಶಾಮಿಯಾನದ ಹಿಂದೆ ಓಂಕಾರಣ್ಣ ಚಹಾ ಕುಡಿಯುತ್ತಿದ್ದರು. ನನ್ನನ್ನು ಕರೆದರು. ಕಪಾಳಕ್ಕೆ ಬೀಳುತ್ತದೆ ಎಂದುಕೊಂಡೇ ಹೋದೆ.

‘ಏನಪ್ಪ, ಚೆನ್ನಾಗಿ ಮಾಡ್ತೀಯ. ಆದ್ರೆ ಬ್ಯಾಟು ಎಡಗಂಕುಳಲ್ಲಿತ್ತು. ನೀನು ಬಲಕ್ಕೆ ಇಟ್ಕಂತೀಯ. ಆ ಮ್ಯಾಚ್ ನೋಡಿದ್ದೀಯೇನು?’

‘ಇಲ್ಲಣ್ಣ. ನಮ್ಮ ಮಾವ ಹೇಳಿದ್ದು.’

‘ಮಾವ ನೋಡಿದ್ರಾ?’

‘ಅವ್ರಿಗೆ ಯಾರೋ ಬಸ್ಸಲ್ಲಿ ಹೇಳಿದ್ರಂತೆ.’

ಅವರು ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಅವರನ್ನೇ ಕೇಳಿದಾಗ ಗೊತ್ತಾದದ್ದು ಇಷ್ಟು. ಆರು ಪಂದ್ಯಗಳಲ್ಲಿ ಎರಡರಲ್ಲಿ ಅವರಿಗೆ ಬ್ಯಾಟಿಂಗೇ ಸಿಗಲಿಲ್ಲ. ಒಂದರಲ್ಲಿ ಎರಡು ಓವರ್ ಉಳಿದಾಗ ಏಳನೆಯವರಾಗಿ ಕಳಿಸಿದರು. ಇನ್ನೊಂದರಲ್ಲಿ ಓಪನಿಂಗ್ ಹೋಗು ಎಂದರು. ಮತ್ತೊಂದರಲ್ಲಿ ಐದನೆಯವರು. ಆರನೆಯ ಪಂದ್ಯದಲ್ಲಿ ತಮ್ಮ ಜಾಗವಾದ ಮೂರನೆಯ ನಂಬರಿಗೆ ಇಳಿದು ಇಪ್ಪತ್ತಮೂರು ಹೊಡೆದರು. ಅದೇ ಕೊನೆ. ಕೇಳಿಸಿಕೊಂಡಿರಾ? ಅವರು ಅತಿ ಹೆಚ್ಚು ರನ್ ಮಾಡಿದ ಪಂದ್ಯವೇ ಅವರ ಕೊನೆಯ ಪಂದ್ಯ.

‘ಹಂಗಾರೆ ತಪ್ಪು ಸೆಲೆಕ್ಟರ್‌ಗಳದ್ದು ಅನ್ರಿ’ ಎಂದೆ, ಹೇಗಾದರೂ ತಪ್ಪಿಸಿಕೊಳ್ಳುವ ಆಸೆಯಿಂದ.

‘ಲೇ, ಆ ಶಾಟ್ ಕೆಟ್ಟದ್ದು. ಅದು ನಂದೇ ತಪ್ಪು. ಆದ್ರೆ ಇನ್ನೊಂದು ಮ್ಯಾಚ್ ಸಿಕ್ಕಿದ್ರೆ ತಾನೆ ಆ ಬಾಲ್ ಬಿಡೋದು ಕಲಿಯೋದು? ಮಕ್ಕಳಿಗೆ ಮೊದಲ್ನೇ ದಿನ ಇದನ್ನೇ ಹೇಳ್ಕೊಡಾಣ ಅಂತಿದ್ದೆ.’

ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟರು. ಹಿರಿಯೂರು ಕಡೆ ಹೋಗಲು ಮೊದಲು ಚಿತ್ರದುರ್ಗದ ಬಸ್ ಹಿಡಿಯಬೇಕಿತ್ತು.

ಅವತ್ತಿನಿಂದ ನನ್ನ ಮೈ ಉರಿಯುತ್ತಿದೆ. ‘ಸಾಮರ್ಥ್ಯಕ್ಕೆ ತಕ್ಕಂತೆ ಆಡಲಿಲ್ಲ’ ಅಂತೀರಲ್ಲ, ಆ ಸಾಮರ್ಥ್ಯವನ್ನು ಅಳೆದವರು ಯಾರು? ಯಾವ ಸೇರಿನಲ್ಲಿ? ಬಸ್ಸಿನಲ್ಲಿ ಯಾರೋ ಹೇಳಿದ್ದನ್ನು ಮಾವ ಕೇಳಿ, ಮಾವ ಹೇಳಿದ್ದನ್ನು ನಾನು ಕುಣಿದು ತೋರಿಸಿ, ಅದನ್ನು ನೋಡಿ ಒಂದು ತಾಲ್ಲೂಕು ತೀರ್ಪು ಕೊಟ್ಟಿದೆ! ನಾವು ಮೂರು ಸಲ ಫೇಲಾಗಿ ಡಿಗ್ರಿ ಮುಗಿಸಿದವರು. (ನಾನು ನಾಲ್ಕು ಸಲ. ಮುಗಿದಿದೆ ಎಂದೇ ಭಾವಿಸೋಣ.) ಡ್ರೈವಿಂಗ್ ಟೆಸ್ಟಿನಲ್ಲಿ ಕಂಬಕ್ಕೆ ಗುದ್ದಿಯೂ ಲೈಸೆನ್ಸ್ ತಗೊಂಡವರು. ಎಲೆಕ್ಷನ್‌ನಲ್ಲಿ ಸೋತವನನ್ನೇ ಮತ್ತೆ ಮತ್ತೆ ನಿಲ್ಲಿಸಿ ಗೆಲ್ಲಿಸಿದವರು. ನಮಗೆ ಬೇಕಾದವರಿಗೆ ಎಷ್ಟು ಬಾಲ್ ಬೇಕಾದರೂ ಇದೆ. ನಿಜವಾಗಿ ಆಡಲು ಬರುವವನು ಮಾತ್ರ ಒಂದೇ ಬಾಲಿನಲ್ಲಿ ಪ್ರೂವ್ ಮಾಡಬೇಕು, ಅದೂ ಗಾರ್ಡ್ ತಗೊಳ್ಳುವ ಮೊದಲೇ!

ಸೋಮವಾರ ರುದ್ರಪ್ಪನವರ ಮಂಡಿಗೆ ಹೋದೆ. ‘ಸಾಹುಕಾರ್ರೇ, ಅವತ್ತಿನದು ನನ್ನ ತಪ್ಪು. ಅದು ಅತಿಥಿ ಬಾಲು, ನೋಬಾಲ್ ಕೂಗ್ಬೇಕಿತ್ತು. ಮೈದಾನ ಬೆಳಿಗ್ಗೆ ಹೆಂಗೂ ಖಾಲಿ ಇರ್ತೈತೆ. ಓಂಕಾರಣ್ಣನಿಗೆ ಕೊಡ್ರಿ’ ಎಂದೆ.

‘ಕುಂತ್ಕ, ಕುಂತ್ಕ. ಆಮೇಲೆ ಮಾತಾಡಾಣ. ನಮ್ಮ ಅಳಿಯ ಬಂದಾನೆ, ಅವ್ನು ನೋಡಿಲ್ಲ. ಮೊದ್ಲು ಅದೊಂದು ಇಪ್ಪತ್ತ್ಮೂರು ಮಾಡಿ ತೋರ್ಸು.’

ಮಾಡಿದೆ. ಹೌದು, ಮಾಡಿದೆ. ಅವರು ಖುಷಿಯಾದರೆ ಮೈದಾನ ಸಿಕ್ಕೀತು ಎಂದುಕೊಂಡು, ಅಡಿಕೆ ಮೂಟೆಗಳ ನಡುವೆ ಪೊರಕೆಯನ್ನು ಬ್ಯಾಟು ಮಾಡಿಕೊಂಡು ಔಟಾದೆ, ತಲೆ ತಗ್ಗಿಸಿ ನಡೆದೆ. ಈ ಸಲ ಬ್ಯಾಟು ಎಡಗಂಕುಳಲ್ಲೇ ಇತ್ತು.

ಅಳಿಯ ನಕ್ಕು ನಕ್ಕು ಕಣ್ಣೊರೆಸಿಕೊಂಡ. ರುದ್ರಪ್ಪನವರೂ ಕಣ್ಣೊರೆಸಿಕೊಂಡು, ‘ನೀನೇ ಹೇಳು ಮತ್ತೆ. ಇಂಥೋನ ಕೈಗೆ ಮಕ್ಕಳನ್ನ ಕೊಡಾಕಾಗುತ್ತೇನಲೇ?’ ಎಂದರು.

ಪುಢಾರಿಗೆ ನಾಲ್ಕು ನೋಬಾಲ್ ಕೂಗಿದ ಈ ಗಂಟಲಿಗೆ, ಓಂಕಾರಣ್ಣನಿಗೆ ಒಂದು ಕೂಗಲು ಏನು ರೋಗ ಬಂದಿತ್ತು?