ನಿಂತಿದ್ದ ವಿಮಾನದ ಎಂಟುನೂರು ಲ್ಯಾಂಡಿಂಗ್

ಹಳೇ ವಿಮಾನ ಕೊಳ್ಳುವವರ ಪರವಾಗಿ ಅದರ ದಾಖಲೆ ನೋಡುವುದು ನನ್ನ ಕೆಲಸ. ಬಣಕಲ್ ಹತ್ತಿರದ ಪ್ಲಾಂಟರ್ ಒಬ್ಬರು ಗೆಳೆಯರ ಜೊತೆ ಸೇರಿ, ಬಾಡಿಗೆಗೆ ಓಡಿಸಲು ಐವತ್ತು ಸೀಟಿನ ಸೆಕೆಂಡ್ ಹ್ಯಾಂಡ್ ಜೆಟ್ ಕೊಳ್ಳಲು ಹೊರಟಿದ್ದರು. ಅವರ ಬಂಗಲೆಯ ಜಗುಲಿಯಲ್ಲಿ, ಅದನ್ನು ಮಾರಿಸಲು ಬಂದ ಬ್ರೋಕರ್ ದಾಖಲೆಯ ಫೈಲು ಹರಡಿದ.

"ಇಬ್ಬರೇ ಓನರ್ ಸಾರ್. ಎಂಜಿನ್ ಎರಡೂ ಹೊಸದರ ಹಾಗಿವೆ."

ಪುಟ ತಿರುಗಿಸಿದರೆ ಓನರ್‌ಗಳು ನಾಲ್ವರು. ಎರಡನೆಯವರು ಮಾರಿದ ಮೇಲಿನ ಮೂರು ವರ್ಷಕ್ಕೆ ಒಂದು ಹಾಳೆಯೂ ಇಲ್ಲ.

"ಆಗ ಎಲ್ಲಿತ್ತು?"

"ಶೆಡ್ಡಲ್ಲಿ ನಿಂತಿತ್ತು ಸಾರ್."

ಆ ಮೂರು ವರ್ಷದ ಹಿಂದಿನ ಮತ್ತು ಮುಂದಿನ ಲ್ಯಾಂಡಿಂಗ್ ಸಂಖ್ಯೆ ಹೋಲಿಸಿದೆ. ಎಂಟುನೂರು ಹೆಚ್ಚಾಗಿತ್ತು! ಇಂತಿಷ್ಟು ಸಲ ಇಳಿದ ಮೇಲೆ ಚಕ್ರದ ಕಾಲಿನ ಭಾಗಗಳನ್ನು ಬದಲಿಸಲೇಬೇಕೆಂಬ ನಿಯಮವಿದೆ. ಬದಲಿಸಿದ ಗುರುತೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

"ಶೆಡ್ಡಲ್ಲಿ ನಿಂತದ್ದು ಎಂಟುನೂರು ಸಲ ಎಲ್ಲಿಂದ ಇಳೀತು?" ಎಂದು ಕೂಗಿದೆ.

"ಅದು ಬರೀ ಪೇಪರ್ ಸಾರ್," ಎಂದು ನಕ್ಕ.

"ಸಿಟ್ಟು ಮಾಡ್ಕೋಬೇಡಿ ಮಾರಾಯ್ರೆ," ಅಂದರು ಪ್ಲಾಂಟರ್. "ನೋಡೋಕೆ ಚೆನ್ನಾಗೇ ಇದೆಯಲ್ಲ, ಬಣ್ಣ ಗಿಣ್ಣ."

"ಬಣ್ಣ ನೋಡಿ ಐವತ್ತು ಜನರನ್ನ ಕೂರಿಸ್ತೀರಾ? ಅದರ ಕಾಲು ಮುರಿದರೆ ಅವರ ಮನೆಯವರಿಗೆ ಏನು ಹೇಳ್ತೀರಿ?"

ಅವರ ಮುಖ ಸಪ್ಪೆಯಾಯಿತು. ಬ್ರೋಕರ್ ಕಡೆ ತಿರುಗಿ, "ನೀವು ಈ ವಿಮಾನ ಹತ್ತುತ್ತೀರಾ?" ಎಂದು ಮೆಲ್ಲಗೆ ಕೇಳಿದರು.

"ಅಯ್ಯೋ, ಇಲ್ಲಪ್ಪ! ನಾನು ಎಲ್ಲಿಗೆ ಹೋದರೂ ರೈಲೇ ಸಾರ್."

ಪ್ಲಾಂಟರ್ ಫೈಲು ಮುಚ್ಚಿ ಅವನ ಕೈಗೆ ಕೊಟ್ಟರು. ಬೆಳಗಿನಿಂದ ಅವನು ಆಡಿದ ಮಾತಿನಲ್ಲಿ ದಾಖಲೆ ಕೇಳದೆ ನಾನು ನಂಬಿದ್ದು ಆ ರೈಲಿನ ಮಾತೊಂದನ್ನೇ.