ಯಾರೂ ಹೆದರದ ‘ಸಂಕದಾಚೆ ಚೌಡಿ’

ಹೊಸನಗರದ ಮಂಜುನಾಥಪ್ಪನವರನ್ನು ಮದುವೆ ವಿಡಿಯೋದವರು ಎಂದು ಯಾರಾದರೂ ಪರಿಚಯ ಮಾಡಿಸಿದರೆ ಅವರು ಅಲ್ಲೇ ತಿದ್ದುತ್ತಾರೆ. ‘ಡೈರೆಕ್ಟರು. ಮದುವೆ ಮಧ್ಯೆ ಮಧ್ಯೆ ಮಾಡ್ತೀನಿ.’ ಮಧ್ಯೆ ಮಧ್ಯೆ ಎಂದರೆ ಆಷಾಢ ಒಂದು ಬಿಟ್ಟು ಉಳಿದೆಲ್ಲ ತಿಂಗಳು. ಸಿನಿಮಾ ಮಾಡಿದ್ದು ಒಂದೇ. ಆದರೂ ಸ್ಟುಡಿಯೋ ಬೋರ್ಡಿನಲ್ಲಿ ‘ಚಲನಚಿತ್ರ ನಿರ್ದೇಶಕರು’ ಮೇಲಿದೆ, ಪಾಸ್‌ಪೋರ್ಟ್ ಫೋಟೋ ತೀರಾ ಕೆಳಗಿದೆ.

ಆ ಸಿನಿಮಾದ ಹೆಸರು ‘ಸಂಕದಾಚೆ ಚೌಡಿ’. ಭಕ್ತಿಪ್ರಧಾನ ಭಯಾನಕ ಚಿತ್ರ ಎಂದು ಪೋಸ್ಟರಿನಲ್ಲಿ ಹಾಕಿತ್ತು. ಭಕ್ತಿಯ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಹೆಸರು, ಹಾರ ಇವೆಲ್ಲ ಬಂದರೆ ಬರಲಿ ಎಂಬಷ್ಟರ ಮಟ್ಟಿಗೆ ಮಂಜುನಾಥಪ್ಪ ನಿಸ್ಪೃಹರು. ಅವರಿಗೆ ನಿಜವಾಗಿ ಬೇಕಿದ್ದದ್ದು ಬೇರೆ. ಜನ ತಮ್ಮ ವಿಡಿಯೋ ನೋಡಿ ನಗುವುದು, ಕಣ್ಣೊರೆಸಿಕೊಳ್ಳುವುದು, ಧಾರೆಯನ್ನು ಓಡಿಸಿ ಊಟದ ಪಂಕ್ತಿಯಲ್ಲಿ ತಮ್ಮನ್ನು ಹುಡುಕಿಕೊಳ್ಳುವುದು ಎಲ್ಲವನ್ನೂ ಕಂಡಿದ್ದರು. ತಮ್ಮ ಕೆಲಸ ನೋಡಿ ಒಬ್ಬರಾದರೂ ಹೆದರಬೇಕು ಎಂಬುದು ಅವರ ಆಸೆಯಾಗಿತ್ತು.

ಕಥೆ ಸರಳ. ಹಳ್ಳ ದಾಟಲು ಹಾಕಿದ ಅಡಿಕೆ ಮರದ ಸಂಕ. ಅದರಾಚೆ ಒಂದು ಪ್ರೇತ. ದಾಟಿದವರನ್ನೆಲ್ಲ ಅದು ಕಾಡುತ್ತದೆ, ಕೊನೆಗೆ ಚೌಡಮ್ಮ ಬಂದು ಬಿಡಿಸುತ್ತಾಳೆ. ಆದರೆ ನಮ್ಮ ಕಡೆ ಚೌಡಿಯ ಬನದ ಹತ್ತಿರ ಬಾವಿ ತೋಡುವುದಕ್ಕೂ ಅವಳನ್ನು ಕೇಳಬೇಕು, ಇನ್ನು ಸಿನಿಮಾ ತೆಗೆಯಲು ಕೇಳದೆ ಆಗುತ್ತದೆಯೇ? ಹೀಗೆ ಪ್ರಸಾದ ಕೇಳುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಪೂಜೆಯವರು ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳುಗಳನ್ನು ಒದ್ದೆ ಮಾಡಿ ಅಮ್ಮನ ಕಲ್ಲಿನ ಎರಡೂ ಬದಿಗೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ.

ಬನದ ಪೂಜೆ ಗುತ್ಯಪ್ಪನವರದು. ಅಮ್ಮನಿಗೆ ವಿಷಯ ಪೂರ್ತಿ ತಿಳಿಯದೆ ಒಪ್ಪಿಗೆ ಕೇಳುವುದು ಮೋಸ ಎಂದು ಮಂಜುನಾಥಪ್ಪ ಪ್ರತಿ ಸೀನನ್ನೂ ಎಡಿಟ್ ಮಾಡಿ, ಲ್ಯಾಪ್‌ಟಾಪ್ ತಂದು, ಕಲ್ಲಿನ ಎದುರು ಮಣೆ ಹಾಕಿ, ಅಮ್ಮನಿಗೆ ತೋರಿಸಿಯೇ ಪ್ರಸಾದ ಕೇಳಿಸಿದರು. ಗುತ್ಯಪ್ಪನವರೂ ಪಕ್ಕದಲ್ಲಿ ಕೂತು ನೋಡಬೇಕಾಗಿ ಬಂತು. ಹಾಡಿಗೆ ಬಲಕ್ಕೆ ಬಿತ್ತು. ಹಾಸ್ಯಕ್ಕೂ ಬಲಕ್ಕೆ ಬಿತ್ತು, ಅದನ್ನು ಮನುಷ್ಯರು ಯಾರೂ ಒಪ್ಪಿರಲಿಲ್ಲ. ಎಡಕ್ಕೆ ಬಿದ್ದದ್ದು ಒಂದೇ ಸೀನಿಗೆ. ಸಂಕದ ಮೇಲೆ ಬೆನ್ನು ಹಾಕಿ ಕೂತ ಹೆಂಗಸು ನಿಧಾನ ತಿರುಗುತ್ತಾಳೆ, ಅಷ್ಟೆ. ಆ ಪಾತ್ರ ಮಾಡಿದವರು ಸಾಗರದಲ್ಲಿ ಟೈಲರಿಂಗ್ ಮಾಡುವ ಹೇಮಾವತಿ.

ಸೆನ್ಸಾರಿನವರು ಒಂದು ಕಟ್ಟೂ ಹೇಳಲಿಲ್ಲ. ಅಮ್ಮ ಹೇಳಿದ್ದ ಒಂದು ಕಟ್ಟನ್ನು ಮಂಜುನಾಥಪ್ಪ ಮಾಡಿದರು.

ಹೀಗಾಗಿ ಸಿನಿಮಾದಲ್ಲಿ ಎಲ್ಲರೂ ಸಂಕದ ಕಡೆ ನೋಡಿ ಕಿರುಚುತ್ತಾರೆ, ಏನನ್ನು ನೋಡಿದರು ಎಂಬುದು ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ. ಸಾಗರದ ಥೇಟರಿನಲ್ಲಿ ಒಬ್ಬರು, ‘ಅಡಿಕೆ ರೇಟ್ ನೋಡಿರ್ಬೇಕು’ ಎಂದರು. ಚೌಡಮ್ಮ ಬಂದಾಗ ಹೆಂಗಸರು ಚಪ್ಪಲಿ ಬಿಚ್ಚಿ ಕೈಮುಗಿದರು. ತೀರ್ಥಹಳ್ಳಿಯಲ್ಲಿ ಹಿಂದಿನ ಸಾಲಿನಲ್ಲಿ ನಿದ್ದೆ ಮಾಡಿದವರನ್ನು ಗೇಟಿನವನು ಎಬ್ಬಿಸಿದ. ಅವರು ಬೆಚ್ಚಿಬಿದ್ದರಂತೆ. ಮಂಜುನಾಥಪ್ಪ ಅದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಸ್ವಲ್ಪ ಹೊತ್ತು ಯೋಚಿಸಿದರು.

ಆಮೇಲೆ ಮನೆಗಳಿಗೇ ಬಿಡುಗಡೆ. ಈಗ ಡಿವಿಡಿ ಪ್ಲೇಯರ್ ಯಾರ ಮನೆಯಲ್ಲೂ ಇಲ್ಲ, ಪೆನ್‌ಡ್ರೈವ್ ಆದರೆ ಟಿವಿಗೆ ಚುಚ್ಚಬಹುದು. ಹೊಸನಗರದ ಸಭಾಭವನದಲ್ಲಿ ಶಾಲು, ಹಣ್ಣುಬುಟ್ಟಿ, ಭಾಷಣ ಎಲ್ಲ ಆಗಿ ಪೆನ್‌ಡ್ರೈವ್ ಲೋಕಾರ್ಪಣೆಯಾಯಿತು. ಪುಟ್ಟ ಡಬ್ಬಿ, ಮೇಲೆ ಅಮ್ಮನ ಚಿತ್ರ. ಚೆನ್ನಾಗಿಯೇ ಖರ್ಚಾಯಿತು. ಮಂಜುನಾಥಪ್ಪ ಅಭಿಪ್ರಾಯ ಸಂಗ್ರಹಕ್ಕೆ ಹೊರಟರು.

ಮೊದಲು ಹೋದದ್ದು ಕಾರ್ಗಲ್ ಕ್ವಾರ್ಟರ್ಸಿಗೆ, ನಿವೃತ್ತ ಟೀಚರ್ ವಿಶಾಲಮ್ಮನವರ ಮನೆಗೆ.

‘ನೋಡಿದ್ರಾ ಮೇಡಂ?’

‘ದಿನಾ ನೋಡ್ತೀನಲ್ಲ. ಬೆಳಗ್ಗೆ ಸ್ನಾನ ಮಾಡಿ ಮೊದ್ಲು ಅದನ್ನೇ ನೋಡೋದು.’

ದೇವರ ಗೂಡಿನಲ್ಲಿ ಡಬ್ಬಿ ಇತ್ತು. ಅರಿಶಿನ, ಕುಂಕುಮ, ಒಂದು ದಾಸವಾಳ.

‘ಟಿವಿಗೆ ಹಾಕ್ಲಿಲ್ವಾ?’

‘ಎಂತ ಹೇಳ್ತೀರಿ ಮಾರಾಯ್ರೆ, ನಮ್ಮಲ್ಲಿ ಟಿವಿ ಮುಂದೆ ಕೂತು ಮೀನು ತಿಂತಾರೆ. ಅದಕ್ಕೆ ಅಮ್ಮನ್ನ ಚುಚ್ಲಾ?’

ಸಾಗರಕ್ಕೆ ಬಂದು ಹತ್ತಿದ ಆಟೋದಲ್ಲಿ ಪೆನ್‌ಡ್ರೈವ್ ಕನ್ನಡಿಗೆ ನೇತಾಡುತ್ತಿತ್ತು, ಪಕ್ಕದಲ್ಲಿ ನಿಂಬೆಹಣ್ಣು. ಹೋದಲ್ಲೆಲ್ಲ ಇದೇ ಕಥೆ. ಊರೆಲ್ಲ ಪೂಜಿಸುವ ಸಿನಿಮಾವನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ.

‘ಇಷ್ಟು ಮನೇಲಿ ಪೂಜೆ ಆಗೋದು ಯಾವ ಡೈರೆಕ್ಟರಿಗೆ ಸಿಕ್ಕಿದೆ ಹೇಳಿ’ ಎಂದರು ಹೆಂಡತಿ ಶ್ಯಾಮಲಾ.

‘ಯಾರೂ ಹೆದರ್ಲಿಲ್ಲ ಶ್ಯಾಮಲಾ.’

‘ಕರೆಂಟ್ ಬಿಲ್ ತೋರಿಸಿ, ಹೆದರ್ತಾರೆ.’

ಮಂಜುನಾಥಪ್ಪ ನಗಲಿಲ್ಲ. ಅವರಿಗೆ ಒಂದು ದಾರಿ ಹೊಳೆದಿತ್ತು. ಅಮ್ಮ ಬೇಡ ಎಂದದ್ದು ಥೇಟರಿಗೆ, ಮನೆಗಲ್ಲ. ಡಬ್ಬಿಯ ಮೇಲಿನ ಚಿತ್ರ ತೆಗೆದು, ಹೇಮಾವತಿಯವರ ಸೀನು ಸೇರಿಸಿ, ಎರಡನೇ ಆವೃತ್ತಿ ಬಿಟ್ಟರೆ? ಲ್ಯಾಪ್‌ಟಾಪ್ ಎತ್ತಿಕೊಂಡು ಬೆಳಗ್ಗೆಯೇ ಗುತ್ಯಪ್ಪನವರ ಮನೆಗೆ ಹೋದರು.

ಗುತ್ಯಪ್ಪ ಜಗಲಿಯಲ್ಲಿ ಎಲೆ ಹಾಕುತ್ತಿದ್ದರು. ವಿಷಯ ಕೇಳಿ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

‘ಯಾವ ಸೀನು?’

‘ಅದೇ ಗುತ್ಯಪ್ಪಣ್ಣ, ಸಂಕದ ಮೇಲೆ ಹೆಂಗಸು. ಅಮ್ಮನಿಗೆ ಇನ್ನೊಂದ್ಸಲ ತೋರಿಸಿ ಕೇಳೋಣ.’

‘ತೋರ್ಸೋದು ಬ್ಯಾಡ. ಹಂಗೇ ಕೇಳ್ತೀನಿ. ಅಮ್ಮಂಗೆ ನೆನಪಿರ್ತದೆ.’

‘ತೋರಿಸ್ದೆ ಕೇಳೋದು ಕ್ರಮ ಅಲ್ಲ.’ ಮಂಜುನಾಥಪ್ಪ ಲ್ಯಾಪ್‌ಟಾಪ್ ತೆರೆದರು. ‘ನೀವೂ ಒಂದ್ಸಲ ನೋಡಿ...’

ಗುತ್ಯಪ್ಪ ಎದ್ದು ಅಂಗಳಕ್ಕೆ ಇಳಿದು, ಅಲ್ಲಿದ್ದ ಪೊರಕೆಯನ್ನು ಎತ್ತಿಕೊಂಡರು. ಒಳಗಿನಿಂದ ಅವರ ಹೆಂಡತಿ ಕೆರಿಯಮ್ಮ ಬಂದರು.

‘ಅಂಗಳ ಗುಡಿಸ್ತಾರಂತೆ, ಹುಟ್ಟಿದ ಮೇಲೆ ಇವತ್ತೇ. ಅದೇ ಪಿಚ್ಚರ್ರಾ ಮಂಜಣ್ಣ? ಇವ್ರ ಮುಂದೆ ತೆಗೀಬೇಡಿ. ಆವತ್ತು ನೋಡ್ಕಂಡು ಬಂದೋರು, ದನ ಕಟ್ಟೋಕೆ ಹೋಗ್ಬೇಕಾದ್ರೂ ನಾನು ಜೊತೀಗೆ ಬೇಕು. ನಾನು ನೀರೊಲೆ ಮುಂದೆ ಬೆನ್ನು ಹಾಕಿ ಕೂತ್ರೆ, ತಿರುಗ್ಬೇಡ ಅಂತ ಬಾಗ್ಲಿಂದಾನೇ ಕೂಗೋರು.’

‘ನೀ ಒಳಗೆ ಹೋಗೆ’ ಎಂದರು ಗುತ್ಯಪ್ಪ.

‘ಬಾಯಲ್ಲಿ ಬಲ ಕೊಡು ಅಂತ ಕೇಳ್ತಾ, ಮನಸ್ಸಲ್ಲಿ ಎಡ ಕೊಡೇ ತಾಯಿ ಅಂತ ಬೇಡ್ಕಂಡ್ರಂತೆ. ಅಮ್ಮ ಯಾವ್ದನ್ನ ಕೇಳ್ಬೇಕು, ನೀವೇ ಹೇಳಿ.’

ಅಂಗಳದಲ್ಲಿ ಗುಡಿಸುವ ಸದ್ದು ನಿಂತಿತು. ಸಿನಿಮಾ ಕೆಡಿಸಿದವರು ಎದುರಿಗೇ ನಿಂತಿದ್ದರು. ಮಂಜುನಾಥಪ್ಪ ಸಿಟ್ಟಾಗಬಹುದು ಎಂದು ಗುತ್ಯಪ್ಪ ತಲೆ ತಗ್ಗಿಸಿದರು.

‘ತಪ್ಪಾಯ್ತು ಮಂಜಣ್ಣ. ಊರಲ್ಲಿ ಹೇಳ್ಬೇಡಿ. ಚೌಡಿ ಪೂಜೆ ಮಾಡೋನೇ ಹೆದರ್ಕಂಡ ಅಂದ್ರೆ ಯಾರು ಪ್ರಸಾದ ಕೇಳೋಕೆ ಬರ್ತಾರೆ?’

‘ಹೇಳಲ್ಲ’ ಎಂದರು ಮಂಜುನಾಥಪ್ಪ. ಅವರು ಎಂದೂ ಯಾವ ಮಾತನ್ನೂ ಇಷ್ಟು ಬೇಗ ಒಪ್ಪಿದವರಲ್ಲ. ಲ್ಯಾಪ್‌ಟಾಪ್ ಮುಚ್ಚಿದರು. ಎರಡನೇ ಆವೃತ್ತಿಯ ಮಾತು ಆಡಲಿಲ್ಲ. ಗುತ್ಯಪ್ಪನವರ ಕೈಹಿಡಿದು ಜಗಲಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡರು.

‘ಅಣ್ಣ, ಯಾವಾಗ ಹೆದರಿಕೆ ಆಗಿದ್ದು? ಕೂದ್ಲು ಬಿಚ್ಚಿದಾಗ್ಲಾ, ತಿರುಗಿದಾಗ್ಲಾ?’

‘ತಿರುಗಿದಾಗ.’

‘ಪೂರ್ತಿ ತಿರುಗಿದ ಮೇಲಾ?’

‘ಇಲ್ಲ, ಕಿವಿ ಕಾಣ್ತದಲ್ಲ, ಆಗ.’

‘ಕಿವಿ ಕಾಣ್ತದಲ್ಲ, ಆಗ’ ಎಂದು ಮಂಜುನಾಥಪ್ಪ ತಮ್ಮಷ್ಟಕ್ಕೇ ಹೇಳಿಕೊಂಡರು. ‘ಮ್ಯೂಸಿಕ್ಕಿಂದ ಜಾಸ್ತಿ ಆಯ್ತಾ?’

‘ಮ್ಯೂಸಿಕ್ ಇತ್ತಾ?’

ಮಂಜುನಾಥಪ್ಪ ಕೆರಿಯಮ್ಮ ತಂದ ಚಹಾ ತೆಗೆದುಕೊಂಡು, ಗುತ್ಯಪ್ಪನವರ ಕಡೆ ಇನ್ನಷ್ಟು ಸರಿದು, ‘ಮೊದ್ಲಿಂದ ಹೇಳಿ ಅಣ್ಣ’ ಎಂದರು.